ನಿಫ್ಟ್ ಬೆಂಗಳೂರು ಹತ್ತಿರ ರೂಮು ಹುಡುಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಅಕ್ಕಾ, ಸೀಟು ಸಿಕ್ತು, ಇರೋದು ಎಲ್ಲಿ?" ನಾನು ಗುಳೇದಗುಡ್ಡದವಳು. ನಾಲ್ಕು ವರ್ಷ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಇದ್ದು ನಿಫ್ಟ್‌ನಲ್ಲಿ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಓದಿದೆ, ಅಷ್ಟರಲ್ಲಿ ಮೂರು ಸಲ ಜಾಗ ಬದಲಿಸಿದೆ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಮ್ಮೂರಲ್ಲಿ ಖಣ ನೇಯುವ ಮನೆಗಳಲ್ಲಿ ಮಗ್ಗದ ಕುಣಿ ಎಲ್ಲಿ ಅನ್ನುವುದು ಮೊದಲು ತೀರ್ಮಾನ ಆಗುತ್ತದೆ. ಮಲಗುವುದು, ಉಣ್ಣುವುದು ಎಲ್ಲ ಉಳಿದ ಜಾಗದಲ್ಲಿ. ಫ್ಯಾಷನ್ ಓದುವವರ ರೂಮೂ ಹಾಗೇ. ಅಲ್ಲಿ ಬಟ್ಟೆ ಕತ್ತರಿಸಬೇಕು, ಹೊಲಿಯಬೇಕು, ಇಸ್ತ್ರಿ ಹಾಕಬೇಕು, ರಾತ್ರಿ ಎರಡು ಗಂಟೆಗೆ ಕೂತು ಶೀಟ್ ಅಂಟಿಸಬೇಕು. ಇದನ್ನು ತಲೆಯಲ್ಲಿ ಇಟ್ಟುಕೊಂಡು ರೂಮು ನೋಡಿ. ವೈಫೈ, ಟಿವಿ, ಊಟದ ಮೆನು ಎಲ್ಲ ಆಮೇಲೆ.

ಕಾಲೇಜು ಎಲ್ಲಿದೆ? ಸುತ್ತ ಯಾವ ಏರಿಯಾ ನೋಡಬೇಕು?

ಎಚ್‌ಎಸ್‌ಆರ್ ಲೇಔಟ್ 1ನೇ ಸೆಕ್ಟರ್, 27ನೇ ಮೇನ್ ರೋಡ್. ಎಚ್‌ಎಸ್‌ಆರ್ ಅಂದರೆ ಹೊಸೂರು–ಸರ್ಜಾಪುರ ರೋಡ್. ಆ ಎರಡು ರಸ್ತೆಗಳ ನಡುವೆ ಎದ್ದ ಬಡಾವಣೆ ಇದು, ಒಟ್ಟು ಏಳು ಸೆಕ್ಟರ್. ಸೆಕ್ಟರ್ ನಂಬರುಗಳು, ಮೇನ್, ಕ್ರಾಸ್ ಎಲ್ಲ ಹೊಸಬರಿಗೆ ಗೊಂದಲ ಮಾಡುತ್ತವೆ. ಆದ್ದರಿಂದ ಯಾರಾದರೂ "ನಿಫ್ಟ್ ಪಕ್ಕದಲ್ಲೇ" ಅಂದರೆ ನಂಬಿ ಕೂರಬೇಡಿ. ಕಾಲೇಜಿನ ಗೇಟಿನಿಂದ ನಡೆದು ನೋಡಿ, ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ.

ಮೊದಲು 1 ಮತ್ತು 2ನೇ ಸೆಕ್ಟರ್ ನೋಡಿ. ಬಾಡಿಗೆ ಜಾಸ್ತಿ ಅನಿಸಿದರೆ ಲೇಔಟ್ ಬರುವ ಮುಂಚೆಯೇ ಇದ್ದ ಹಳೇ ಊರುಗಳ ಕಡೆ ಹೋಗಿ: ಅಗರ, ಪರಂಗಿಪಾಳ್ಯ, ಸೋಮಸುಂದರಪಾಳ್ಯ, ಮಂಗಮ್ಮನಪಾಳ್ಯ, ಹರಳೂರು, ಕೂಡ್ಲು. ಗಲ್ಲಿ ಸಣ್ಣದು, ಮನೆ ಮೇಲೆ ಮನೆ, ಆದರೆ ಬಾಡಿಗೆ ಕಡಿಮೆ. ಹೊಸೂರು ರಸ್ತೆಯ ಕಡೆ ಬೊಮ್ಮನಹಳ್ಳಿ ಇದೆ. ಅಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿವೆ, ಅವುಗಳಲ್ಲಿ ಕೆಲಸ ಮಾಡುವವರು ಸುತ್ತಲಿನ ವಠಾರಗಳಲ್ಲಿ ಇರುತ್ತಾರೆ. ನಾವು ಕ್ಲಾಸಿನಲ್ಲಿ ಪಾಠವಾಗಿ ಓದುವ ಅಸೆಂಬ್ಲಿ ಲೈನಿನಲ್ಲಿ ದಿನಾ ಕೂತು ಹೊಲಿಯುವ ಹೆಂಗಸರು ಅವರು. ಅಂಥ ಅಕ್ಕಂದಿರ ಪಕ್ಕದ ಮನೆಯಲ್ಲಿ ಎರಡನೇ ವರ್ಷ ಇದ್ದೆ. ಕಾಲರ್ ಕೂರಿಸುವುದನ್ನು ನನಗೆ ಸರಿಯಾಗಿ ಕಲಿಸಿದ್ದು ಅವರೇ.

ಕಾಲೇಜು ಹಾಸ್ಟೆಲ್ ಸಿಗುತ್ತಾ?

ಹುಡುಗಿಯರಿಗೆ ಹಾಸ್ಟೆಲ್ ಇದೆ, ಆದರೆ ಸೀಟು ಎಲ್ಲರಿಗೂ ಸಾಲುವುದಿಲ್ಲ. ಅಡ್ಮಿಷನ್ ಆದ ದಿನವೇ ಅರ್ಜಿ ಹಾಕಿ. ಹುಡುಗರು ಅವತ್ತೇ ಆಫೀಸಿಗೆ ಫೋನ್ ಮಾಡಿ ಈ ವರ್ಷದ ವ್ಯವಸ್ಥೆ ಏನು ಅಂತ ಕೇಳಿಕೊಳ್ಳಿ.

ಸಿಕ್ಕರೆ ಬಿಡಬೇಡಿ. ಮೊದಲ ವರ್ಷವಂತೂ ಬಿಡಲೇಬೇಡಿ. ಸಬ್ಮಿಷನ್ ವಾರದಲ್ಲಿ ಪಕ್ಕದ ರೂಮಿನಲ್ಲಿ ಸೀನಿಯರ್ ಇರುವುದು, ನಿಮ್ಮ ಹಾಗೇ ನಿದ್ದೆಗೆಟ್ಟವರು ನಾಲ್ಕು ಜನ ಇರುವುದು ದುಡ್ಡು ಕೊಟ್ಟರೂ ಹೊರಗೆ ಸಿಗುವುದಿಲ್ಲ.

ಹುಡುಕಲು ಯಾವಾಗ ಬರಬೇಕು?

ಕೌನ್ಸೆಲಿಂಗ್ ಮುಗಿದು ಕ್ಲಾಸು ಶುರುವಾಗುವ ಮುಂಚೆ ಇರುವ ದಿನಗಳು ಕಡಿಮೆ. ಅಷ್ಟರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರೂ ಅದೇ ಏರಿಯಾದಲ್ಲಿ ರೂಮು ಹುಡುಕುತ್ತಿರುತ್ತಾರೆ. ಎಚ್‌ಎಸ್‌ಆರ್ ತುಂಬ ಸ್ಟಾರ್ಟಪ್ ಆಫೀಸುಗಳು, ಅಲ್ವಾ? ಸಂಬಳ ತರುವವರ ಜೊತೆ ನಮ್ಮ ಪೈಪೋಟಿ. ಕ್ಲಾಸಿಗೆ ಹತ್ತು ಹದಿನೈದು ದಿನ ಮುಂಚೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಎರಡು ದಿನಕ್ಕೆ ಬನ್ನಿ. ಒಂದು ದಿನ ಸುಮ್ನೆ ನಡೆಯಿರಿ, ಬೋರ್ಡು ನೋಡಿ, ಫೋನ್ ನಂಬರ್ ಬರೆದುಕೊಳ್ಳಿ. ಎರಡನೇ ದಿನ ತೀರ್ಮಾನ ಮಾಡಿ.

ಮಳೆಗಾಲದಲ್ಲಿ ಹುಡುಕುವುದರಿಂದ ಒಂದು ಲಾಭವಿದೆ. ಯಾವ ಗೋಡೆ ಒದ್ದೆಯಾಗುತ್ತದೆ, ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಸುಣ್ಣ ಉಬ್ಬಿ ನಿಂತ ಗೋಡೆ ಇದ್ದರೆ ಆ ರೂಮು ಬೇಡ. ಪ್ಯಾಟರ್ನ್ ಕಾಗದ ಸುರುಟಿಕೊಳ್ಳುತ್ತದೆ, ರೇಷ್ಮೆಗೂ ಚರ್ಮಕ್ಕೂ ಬೂಷ್ಟು ಹಿಡಿಯುತ್ತದೆ.

ಪಿಜಿ ಒಳ್ಳೆಯದಾ, ಮನೆ ಮಾಡುವುದು ಒಳ್ಳೆಯದಾ?

ಮೊದಲ ವರ್ಷ ಪಿಜಿ. ಎರಡನೇ ವರ್ಷದಿಂದ ಮೂರ್ನಾಲ್ಕು ಜನ ಸೇರಿ ಮನೆ. ನನ್ನ ಅಭಿಪ್ರಾಯ ಇದು, ಇದಕ್ಕೆ ಕಾರಣ ಇದೆ.

ಹೊಸ ಊರಿಗೆ ಬಂದು, ಹೊಸ ಕೋರ್ಸಿನ ಕೆಲಸದ ಜೊತೆ ಗ್ಯಾಸು, ನೀರಿನ ಟ್ಯಾಂಕರು, ಕಸದ ಗಾಡಿ ಎಲ್ಲ ನೋಡಿಕೊಳ್ಳುವುದು ಮೊದಲ ವರ್ಷ ಕಷ್ಟ. ಪಿಜಿಯಲ್ಲಿ ಮಂಚ, ಬೀರು, ಊಟ ಎಲ್ಲ ಇರುತ್ತದೆ. ಒಂದೋ ಎರಡೋ ತಿಂಗಳ ಅಡ್ವಾನ್ಸ್, ಒಂದು ತಿಂಗಳ ನೋಟಿಸ್, ಬೇಡ ಅನಿಸಿದರೆ ಬಿಡಬಹುದು. ಆದರೆ ಎರಡನೇ ವರ್ಷದಿಂದ ಗಾರ್ಮೆಂಟ್ ಕೆಲಸ ಜಾಸ್ತಿಯಾಗುತ್ತದೆ. ಮೂರು ಮಂಚ ಹಾಕಿದ ರೂಮಿನಲ್ಲಿ ಅನಾರ್ಕಲಿಯ ಘೇರು ಹರಡುವುದಕ್ಕೆ ನೆಲವೇ ಇರುವುದಿಲ್ಲ. ಒಂದೇ ಬ್ಯಾಚಿನವರು ಮನೆ ಮಾಡಿದರೆ ಮನೆಯ ಹಾಲ್ ಪೂರ್ತಿ ಕೆಲಸಕ್ಕೆ ಬಿಟ್ಟುಕೊಳ್ಳಬಹುದು. ನಾವು ಹಾಗೇ ಮಾಡಿದ್ದೆವು. ಸೋಫಾ ಇಲ್ಲ, ಟಿವಿ ಇಲ್ಲ, ಎರಡು ಮೆಷೀನು, ಒಂದು ದೊಡ್ಡ ಮೇಜು.

ಬಾಡಿಗೆ ಎಷ್ಟಾಗುತ್ತದೆ?

ವರ್ಷ ವರ್ಷ ಏರುತ್ತದೆ, ಆದ್ದರಿಂದ ಇದನ್ನು ಅಂದಾಜು ಅಂತ ಮಾತ್ರ ತಿಳಿಯಿರಿ. ಈಚೆಗೆ ನನ್ನ ಜೂನಿಯರ್‌ಗಳು ಕೊಡುತ್ತಿರುವ ಲೆಕ್ಕದಲ್ಲಿ ಪಿಜಿಯಲ್ಲಿ ತ್ರಿಬಲ್ ಶೇರಿಂಗ್ 8 ಸಾವಿರದಿಂದ 10 ಸಾವಿರ, ಡಬಲ್ 10ರಿಂದ 14 ಸಾವಿರ, ಸಿಂಗಲ್ ಅದಕ್ಕೂ ಮೇಲೆ. ಮನೆಯಾದರೆ ಒಂದು ಬೆಡ್‌ರೂಮಿಗೆ 20 ಸಾವಿರ ದಾಟುತ್ತದೆ, ಹಳೇ ಊರುಗಳ ಕಡೆ ಅದಕ್ಕಿಂತ ಕಡಿಮೆಗೂ ಸಿಗುತ್ತದೆ.

ಬಾಡಿಗೆ ಕೇಳುವಾಗ ಬರೀ ಬಾಡಿಗೆ ಕೇಳಬೇಡಿ. ಕರೆಂಟು ಸೇರಿದೆಯಾ, ವಾಷಿಂಗ್ ಮೆಷೀನಿಗೆ ಬೇರೆಯಾ, ಭಾನುವಾರ ರಾತ್ರಿ ಊಟ ಇದೆಯಾ, ಮೇಂಟೆನೆನ್ಸ್ ಅಂತ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತೀರಿ? ಈ ನಾಲ್ಕನ್ನು ಕೇಳಿದರೆ ನಿಜವಾದ ಮೊತ್ತ ಹೊರಗೆ ಬರುತ್ತದೆ.

ಪಿಜಿಯವರು ಜಿಎಸ್‌ಟಿ ಬೇರೆ ಕೊಡಿ ಅನ್ನುತ್ತಾರೆ. ಕೊಡಬೇಕಾ?

ತಿಂಗಳಿಗೆ ಒಬ್ಬರಿಗೆ 20,000 ರೂಪಾಯಿ ವರೆಗಿನ ವಸತಿಗೆ, ಸತತ 90 ದಿನವಾದರೂ ಇರುವುದಾದರೆ ಜಿಎಸ್‌ಟಿ ಇಲ್ಲ. 2024ರ ಜೂನ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಮಾಡಿ ಜುಲೈನಿಂದ ಜಾರಿಗೆ ಬಂದ ನಿಯಮ ಇದು. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಇರುತ್ತೇವೆ, ಹಾಗಾಗಿ ನಮಗೆ ಅನ್ವಯಿಸುತ್ತದೆ. ಕೇಳಿದರೆ ಈ ನಿಯಮವನ್ನು ಮೆತ್ತಗೆ ಹೇಳಿ, ಬಿಲ್ ಕೊಡಿ ಅನ್ನಿ. ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ.

ರೂಮು ನೋಡಲು ಹೋದಾಗ ಏನೇನು ನೋಡಬೇಕು?

ಮೊದಲು ಬೆಳಕು. ಹಗಲು ಹೊತ್ತಿನಲ್ಲೇ ಹೋಗಿ, ಲೈಟು ಆರಿಸಲು ಹೇಳಿ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಬಣ್ಣ ಅನಿಸಿದ ದಾರ ಮತ್ತು ಬಟ್ಟೆ ಬೆಳಿಗ್ಗೆ ಕಿಟಕಿ ಹತ್ತಿರ ತಂದರೆ ಬೇರೆ ಬೇರೆ ಆಗಿರುತ್ತವೆ. ನನಗೆ ಹೀಗೆ ಆಗಿ ಒಂದು ಇಡೀ ಅಂಚು ಬಿಚ್ಚಿ ಮತ್ತೆ ಹೊಲಿದಿದ್ದೇನೆ. ಉತ್ತರಕ್ಕೆ ಕಿಟಕಿ ಇರುವ ರೂಮು ಸಿಕ್ಕರೆ ತುಂಬ ಒಳ್ಳೆಯದು, ದಿನವಿಡೀ ಬೆಳಕು ಒಂದೇ ಥರ ಇರುತ್ತದೆ. ಎಚ್‌ಎಸ್‌ಆರ್‌ನಲ್ಲಿ ಎಷ್ಟೋ ಪಿಜಿಗಳ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅಂಥ ರೂಮು ಸಾವಿರ ರೂಪಾಯಿ ಕಡಿಮೆಗೆ ಸಿಕ್ಕರೂ ನಾನು ತೆಗೆದುಕೊಳ್ಳುವುದಿಲ್ಲ.

ಆಮೇಲೆ ನೆಲ. ಒಂದು ಟೇಪು ತೆಗೆದುಕೊಂಡು ಹೋಗಿ, ನಾಚಿಕೆ ಬೇಡ. ಬಟ್ಟೆಯ ಪನ್ನ (ಅಗಲ) 44 ಇಂಚು, ಇಲ್ಲಾ 58 ಇಂಚು. ಮಂಚಗಳನ್ನು ಬಿಟ್ಟು 5 ಅಡಿಗೆ 7 ಅಡಿ ಖಾಲಿ ನೆಲ ಇದ್ದರೆ ಕಟಿಂಗ್ ಆಗುತ್ತದೆ. ಇಲ್ಲದಿದ್ದರೆ ಒಂದು ಉಪಾಯ: 6 ಅಡಿಗೆ 3 ಅಡಿಯ ಪ್ಲೈವುಡ್ ಹಲಗೆ ತಂದು ಮಂಚದ ಮೇಲೆ ಹಾಕಿ. ಹಗಲು ಅದೇ ಕಟಿಂಗ್ ಮೇಜು, ರಾತ್ರಿ ಗೋಡೆಗೆ ಒರಗಿಸಿದರೆ ಆಯಿತು.

ಬಿಬಿಎಂಪಿ 2024ರಲ್ಲಿ ಪಿಜಿಗಳಿಗೆ ಒಂದಿಷ್ಟು ನಿಯಮ ಮಾಡಿತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಮನೆಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದವು, ಆದರೂ ಈ ಅಳತೆಗಳನ್ನು ನೆನಪಿಟ್ಟುಕೊಳ್ಳಿ. ಮೂರು ಜನರ ರೂಮು ಅಂದರೆ 210 ಚದರ ಅಡಿ, ಅಂದರೆ ಹೆಚ್ಚುಕಡಿಮೆ 14 ಅಡಿಗೆ 15 ಅಡಿ. ಟೇಪು ಹಿಡಿದು ನೋಡಿದರೆ ಎಷ್ಟು ಕಡೆ ಇದು ಇಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಪ್ಲಗ್ಗು ಎಲ್ಲಿದೆ ನೋಡಿ. ಕಿಟಕಿ ಹತ್ತಿರ ಒಂದಾದರೂ ಇರಬೇಕು. ಇಸ್ತ್ರಿಗೆ ದಪ್ಪ ಪಿನ್ನಿನ ಸಾಕೆಟ್ ಇರಬೇಕು. ಲಿಫ್ಟ್ ಇದೆಯಾ ನೋಡಿ. ಮೆಷೀನು, ಡ್ರೆಸ್ ಫಾರ್ಮು (ಬಟ್ಟೆ ತೊಡಿಸಿ ನೋಡುವ ಬೊಂಬೆ), ಪೋರ್ಟ್‌ಫೋಲಿಯೊ ಎಲ್ಲ ಹೊತ್ತು ನಾಲ್ಕನೇ ಮಹಡಿಗೆ ಹತ್ತಿ ಇಳಿಯುವುದು ಜ್ಯೂರಿ ದಿನ (ನಮ್ಮ ಕೆಲಸವನ್ನು ಪರೀಕ್ಷಕರಿಗೆ ತೋರಿಸುವ ದಿನ) ಬೆಳಿಗ್ಗೆ ಆಗುವ ಮಾತಲ್ಲ. ಬಾತ್‌ರೂಮಿನ ನಲ್ಲಿ ತಿರುಗಿಸಿ, ನೀರಿನ ಬಣ್ಣ ನೋಡಿ. ಬೋರಿನ ಗಡಸು ನೀರಿನಲ್ಲಿ ಕೈಯಿಂದ ಡೈ ಮಾಡಿದರೆ ನೀವು ಅಂದುಕೊಂಡ ಬಣ್ಣ ಬರುವುದಿಲ್ಲ. ಹಾಗೆ ನೋಡಿದರೆ ಡೈ ಮಾಡುವ ಕೆಲಸ ರೂಮಿಗೆ ತರಲೇಬೇಡಿ. ಅದನ್ನು ಕಾಲೇಜಿನ ಲ್ಯಾಬಿನಲ್ಲೇ ಮುಗಿಸಿ.

ಹೊಲಿಗೆ ಮೆಷೀನು ಇಡಲು ಬಿಡುತ್ತಾರಾ?

ಅಡ್ವಾನ್ಸ್ ಕೊಡುವ ಮುಂಚೆ ಕೇಳಿದರೆ ಬಿಡುತ್ತಾರೆ. ಕೊಟ್ಟ ಮೇಲೆ ಕೇಳಿದರೆ ಜಗಳ.

ಓನರ್‌ಗೆ ಇರುವ ಭಯ ಮೂರು: ಕರೆಂಟು, ಸದ್ದು, ಬೆಂಕಿ. ಒಂದೊಂದಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿ. ಮನೆಬಳಕೆಯ ಹೊಲಿಗೆ ಮೆಷೀನಿನ ಮೋಟಾರು ನೂರು ವ್ಯಾಟ್ ಆಸುಪಾಸು. ಅವರು ಆಗಲೇ ಒಪ್ಪಿಕೊಂಡಿರುವ ಫ್ಯಾನು, ಲ್ಯಾಪ್‌ಟಾಪಿಗಿಂತ ಇದು ದೊಡ್ಡ ಖರ್ಚಲ್ಲ. ಕರೆಂಟು ಎಳೆಯುವುದು ಇಸ್ತ್ರಿ ಪೆಟ್ಟಿಗೆ, 1000 ವ್ಯಾಟ್ ಇರುತ್ತದೆ. ಆದ್ದರಿಂದ "ಇಸ್ತ್ರಿಗೆ ಬೇರೆ ಜಾಗ ತೋರಿಸಿ ಆಂಟಿ, ಅಲ್ಲೇ ಹಾಕ್ಕೊಳ್ತೀನಿ" ಅಂದರೆ ಅವರಿಗೆ ಅರ್ಧ ನೆಮ್ಮದಿ. ಸದ್ದಿಗೆ ಮೆಷೀನಿನ ಕೆಳಗೆ ದಪ್ಪ ರಬ್ಬರ್ ಮ್ಯಾಟು ಇಲ್ಲವೇ ಮಡಿಸಿದ ಕಂಬಳಿ. ರಾತ್ರಿ ಹನ್ನೊಂದರ ಮೇಲೆ ಮೆಷೀನು ಹಾಕಲ್ಲ, ಕೈಹೊಲಿಗೆ ಮಾತ್ರ ಮಾಡ್ತೀನಿ ಅಂತ ನೀವೇ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ.

ನನ್ನ ಮೊದಲ ಪಿಜಿಯಲ್ಲಿ ನಾನು ಕೇಳದೇ ಮೆಷೀನು ತಂದಿದ್ದೆ. ಬಿಡುವಾಗ ನೆಲದ ಮೇಲೆ ಎಣ್ಣೆ ಕಲೆ ಇದೆ ಅಂತ ಅಡ್ವಾನ್ಸಿನಲ್ಲಿ ಮೂರು ಸಾವಿರ ಹಿಡಿದರು. ಒರೆಸಿದರೆ ಹೋಗುವ ಕಲೆ ಅದು. ಆದರೆ ಬರವಣಿಗೆಯಲ್ಲಿ ಏನೂ ಇರಲಿಲ್ಲ, ಅಪ್ಪ ತಿಂಗಳಿಡೀ ನೇಯ್ದು ಕಳಿಸಿದ ದುಡ್ಡು ಹೋಯಿತು. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ. ದಯವಿಟ್ಟು ಮೆಷೀನಿಗೆ ಅನುಮತಿ ಇದೆ ಅನ್ನುವ ಒಂದು ಸಾಲನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಮೆಷೀನಿನ ಕೆಳಗೆ ಹಳೇ ಬಟ್ಟೆ ಹಾಸಿ.

ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ? ಲೇಟಾದರೆ?

ಹುಡುಗಿಯರ ಪಿಜಿಗಳಲ್ಲಿ ಸಾಮಾನ್ಯವಾಗಿ ರಾತ್ರಿ ಹತ್ತು, ಹತ್ತೂವರೆ. ಹುಡುಗರಿಗೆ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಸಬ್ಮಿಷನ್, ಕಾಲೇಜು ಫೆಸ್ಟು, ಫ್ಯಾಷನ್ ಶೋ ರಿಹರ್ಸಲ್ ಇದ್ದಾಗ ಲೇಟಾಗುವುದು ಖಂಡಿತ. "ಕಾಲೇಜಿಂದ ಲೆಟರ್ ತಂದರೆ ಬಿಡ್ತೀರಾ?" ಅಂತ ಸೇರುವಾಗಲೇ ಕೇಳಿ. ಕೆಲವರು ಅಮ್ಮ ಅಪ್ಪ ಫೋನ್ ಮಾಡಿದರೆ ಸಾಕು ಅನ್ನುತ್ತಾರೆ. ಗೇಟಿಗೆ ರಾತ್ರಿ ಕಾವಲಿನವರು ಇದ್ದಾರಾ, ಇಲ್ಲಾ ಬೀಗ ಹಾಕಿ ಕೀ ಒಬ್ಬರೇ ಇಟ್ಟುಕೊಂಡು ಮಲಗುತ್ತಾರಾ? ಎರಡನೆಯದಾದರೆ ಬೇಡ. ಲೇಟಾಗಿ ಬರುವವರ ಕಷ್ಟ ಒಂದು ಕಡೆ, ಒಳಗೆ ಬೆಂಕಿ ಬಿದ್ದರೆ ಎಲ್ಲರೂ ಹೊರಗೆ ಬರುವುದು ಹೇಗೆ?

ಅಗ್ರಿಮೆಂಟ್, ಅಡ್ವಾನ್ಸ್ ವಿಷಯ ಹೇಳಿ.

ಬೆಂಗಳೂರಿನಲ್ಲಿ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿ ಇತ್ತು, ಈಗಲೂ ಕೆಲವರು ಕೇಳುತ್ತಾರೆ. ಐದಾರು ತಿಂಗಳಿಗೆ ಮಾತಾಡಿ ಇಳಿಸಬಹುದು. ಅಗ್ರಿಮೆಂಟ್ 11 ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು ಅನ್ನುವುದು ಅದಕ್ಕೆ ಕಾರಣ.

ಸಹಿ ಹಾಕುವ ಮುಂಚೆ ಪೂರ್ತಿ ಓದಿ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ರೂಢಿ. ಅದು ಎಷ್ಟು ಅಂತ ಅಂಕಿಯಲ್ಲಿ ಬರೆದಿರಬೇಕು. ಲಾಕ್-ಇನ್ ಅನ್ನುವ ಪದ ಇದ್ದರೆ ಅಷ್ಟು ತಿಂಗಳೊಳಗೆ ಬಿಟ್ಟರೆ ಎಷ್ಟು ಹೋಗುತ್ತದೆ ಅಂತ ಕೇಳಿ. ನೋಟಿಸ್ ಒಂದು ತಿಂಗಳು ಇಬ್ಬರಿಗೂ ಒಂದೇ ಇರಬೇಕು. ಮನೆಗೆ ಕಾಲಿಡುವ ದಿನ ಎಲ್ಲ ಗೋಡೆ, ನೆಲ, ನಲ್ಲಿ, ಬಾಗಿಲಿನ ವಿಡಿಯೊ ಮಾಡಿ ಓನರ್‌ಗೆ ಅವತ್ತೇ ಕಳಿಸಿ. ದುಡ್ಡು ಬ್ಯಾಂಕಿನಿಂದ ಅಥವಾ ಯುಪಿಐ ಮೂಲಕವೇ ಕೊಡಿ, ಕ್ಯಾಶ್ ಬೇಡ.

ಬಿಟ್ಟ ಮೇಲೆ ಅಡ್ವಾನ್ಸ್ ವಾಪಸ್ ಕೊಡದಿದ್ದರೆ?

ಮೊದಲು ಬರವಣಿಗೆಯಲ್ಲಿ ಕೇಳಿ, ತಾರೀಕು ಹಾಕಿ. ಪಿಜಿ ಅನ್ನುವುದು ದುಡ್ಡು ಕೊಟ್ಟು ಪಡೆಯುವ ಸೇವೆ. ಆದ್ದರಿಂದ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಮನೆ ಓನರ್ ಆದರೆ ವಕೀಲರಿಂದ ಒಂದು ನೋಟಿಸ್ ಕಳಿಸಿ, ಎಷ್ಟೋ ಸಲ ಅದರಲ್ಲೇ ಮುಗಿಯುತ್ತದೆ. ಇದೆಲ್ಲಕ್ಕೂ ಆ ವಿಡಿಯೊ ಮತ್ತು ಆ ವಾಟ್ಸಾಪ್ ಸಾಲೇ ಆಧಾರ.

ಆನ್‌ಲೈನ್‌ನಲ್ಲಿ ನೋಡಿ ಊರಿಂದಲೇ ಬುಕ್ ಮಾಡಬಹುದಾ?

ಬೇಡ. ಫೋಟೊದಲ್ಲಿ ರೂಮು ಚೆಂದ, ಬಾಡಿಗೆ ಕಡಿಮೆ, "ಇನ್ನೊಬ್ಬರು ಕೇಳ್ತಿದಾರೆ, ಟೋಕನ್ ಹಾಕಿ" ಅಂತ ಅವಸರ. ಹೀಗೆ ಟೋಕನ್ ಕಳಿಸಿ ಬೆಂಗಳೂರಿಗೆ ಬಂದಾಗ ಆ ವಿಳಾಸದಲ್ಲಿ ರೂಮೇ ಇಲ್ಲದವರನ್ನು ನೋಡಿದ್ದೇನೆ. ತಾನು ಸೈನ್ಯದಲ್ಲಿ ಇರುವವನು, ಟ್ರಾನ್ಸ್‌ಫರ್ ಆಗಿದೆ, ಒಂದು ಕ್ಯೂಆರ್ ಕೋಡ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ಅನ್ನುವ ಮೋಸವೂ ಹಳೆಯದು. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲ, ಪಿನ್ ಹಾಕುವ ಅಗತ್ಯವೂ ಇಲ್ಲ. ಮೋಸ ಆಯಿತು ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಬರಲು ಆಗುವುದೇ ಇಲ್ಲ ಅನ್ನುವವರು ಒಬ್ಬ ಸೀನಿಯರ್‌ಗೆ ಹೇಳಿ, ವಿಡಿಯೊ ಕಾಲ್‌ನಲ್ಲಿ ಗೇಟಿನಿಂದ ರೂಮಿನ ತನಕ ನಡೆದು ತೋರಿಸಲಿ.

ಬ್ರೋಕರ್ ಬೇಕಾ?

ಪಿಜಿಗೆ ಬೇಡವೇ ಬೇಡ. ಮನೆಗೆ ಬ್ರೋಕರ್ ಒಂದು ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಾರೆ. ಕನ್ನಡ ಬರುವ ನಮಗೆ ಇಲ್ಲಿ ಒಂದು ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ. ಅಗರ, ಪರಂಗಿಪಾಳ್ಯದಂಥ ಹಳೇ ಊರುಗಳಲ್ಲಿ ಎಷ್ಟೋ ಮನೆಗಳು ಯಾವ ಆ್ಯಪಿನಲ್ಲೂ ಇರುವುದಿಲ್ಲ. ಗೇಟಿಗೆ "ಮನೆ ಬಾಡಿಗೆಗೆ ಇದೆ" ಅಂತ ಒಂದು ರಟ್ಟು ಕಟ್ಟಿರುತ್ತಾರೆ, ಅಷ್ಟೇ. ಕಿರಾಣಿ ಅಂಗಡಿಯಲ್ಲಿ, ಇಸ್ತ್ರಿ ಗಾಡಿಯವರ ಹತ್ತಿರ, ಹಾಲಿನ ಬೂತಿನಲ್ಲಿ ಕೇಳಿ. "ಅಣ್ಣಾ, ಇಲ್ಲಿ ಯಾವುದಾದ್ರೂ ಮನೆ ಖಾಲಿ ಇದ್ಯಾ? ನಾವು ಮೂರು ಜನ ಹುಡುಗೀರು, ನಿಫ್ಟ್‌ನಲ್ಲಿ ಓದ್ತಿದೀವಿ." ನಮ್ಮ ಮನೆ ಸಿಕ್ಕಿದ್ದು ಇಸ್ತ್ರಿ ಅಂಗಡಿಯ ಅಣ್ಣನಿಂದ. ಅವರು ನಮ್ಮನ್ನು ಕರೆದುಕೊಂಡು ಹೋಗಿ, "ಆಂಟಿ, ನಮ್ಮ ಕಡೆ ಹುಡುಗೀರು" ಅಂದರು. ಆಂಟಿ ಯಾವ ಊರು ಅಂತ ಕೇಳಿದರು, ಗುಳೇದಗುಡ್ಡ ಅಂದೆ, ಖಣದ ರವಿಕೆ ಮಾತು ಬಂತು. ಎಂಟು ತಿಂಗಳ ಅಡ್ವಾನ್ಸ್ ಐದಕ್ಕೆ ಇಳಿಯಿತು. ಮುಂದಿನ ಹಬ್ಬಕ್ಕೆ ಊರಿಂದ ಬರುವಾಗ ಅವರಿಗೆ ಎರಡು ಖಣ ತಂದುಕೊಟ್ಟೆ.

ದೂರದಲ್ಲಿ ಕಡಿಮೆ ಬಾಡಿಗೆಗೆ ಇದ್ದು ಮೆಟ್ರೊದಲ್ಲಿ ಬರಬಹುದಾ?

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತು, ಆರ್‌ವಿ ರೋಡ್‌ನಿಂದ ಬೊಮ್ಮಸಂದ್ರಕ್ಕೆ. ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ ಕಡೆ ಇರುವವರಿಗೆ ಇದು ದೊಡ್ಡ ಅನುಕೂಲ. ಆದರೆ ಕಾಲೇಜಿನ ಬಾಗಿಲಿಗೆ ಮೆಟ್ರೊ ಬರುವುದಿಲ್ಲ. ಸಿಲ್ಕ್ ಬೋರ್ಡ್ ಸ್ಟೇಷನ್ನಿನಲ್ಲಿ ಇಳಿದು ಬಸ್ಸೋ ಆಟೊವೋ ಹಿಡಿಯಬೇಕು. (ಅಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಇರುವುದರಿಂದಲೇ ಆ ಜಂಕ್ಷನ್‌ಗೆ ಆ ಹೆಸರು. ನಿಫ್ಟ್ ಥರ ಅದೂ ಕೇಂದ್ರ ಜವಳಿ ಸಚಿವಾಲಯದ ಕೆಳಗೇ ಬರುತ್ತದೆ.) ಹೊರ ವರ್ತುಲ ರಸ್ತೆಯಲ್ಲಿ ನೀಲಿ ಮಾರ್ಗ ಬಂದಾಗ ಇನ್ನೂ ಹತ್ತಿರ ಆಗುತ್ತದೆ, ಅದನ್ನು ನಂಬಿ ಈಗಲೇ ಮನೆ ಮಾಡಬೇಡಿ.

ನನ್ನ ಕೇಳಿದರೆ ನಡೆದು ಹೋಗುವ ದೂರಕ್ಕೆ ಎರಡು ಸಾವಿರ ಜಾಸ್ತಿ ಕೊಡುವುದು ಒಳ್ಳೆಯದು. ದೊಡ್ಡ ಅಳತೆಯ ಶೀಟು, ಅರ್ಧ ಒಣಗಿದ ಮಾಡೆಲ್ಲು, ಮಡಿಸಬಾರದ ಬಟ್ಟೆ ಇವನ್ನೆಲ್ಲ ಹಿಡಿದು ತುಂಬಿದ ಬಸ್ಸು ಹತ್ತಲು ಆಗುವುದಿಲ್ಲ. ಆಟೊ ಹಿಡಿಯುತ್ತೀರಿ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಉಳಿಸಿದ ಬಾಡಿಗೆ ಆಟೊಗೇ ಹೋಗಿರುತ್ತದೆ.

ಹಾಗಂತ ಮೆಟ್ರೊದಿಂದ ಲಾಭ ಇಲ್ಲ ಅಂತಲ್ಲ. ಬಟ್ಟೆ, ಲೇಸು, ಗುಂಡಿ ತರಲು ಚಿಕ್ಕಪೇಟೆಗೆ ಹೋಗಬೇಕಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಹತ್ತಿ, ಆರ್‌ವಿ ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ನೇರ ಚಿಕ್ಕಪೇಟೆ ಸ್ಟೇಷನ್. ನಮ್ಮ ಕಾಲದಲ್ಲಿ ಇದೇ ದಾರಿಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಹೋಗುತ್ತಿತ್ತು. ಇನ್ನು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ, ಎಸಿ ಬಸ್ಸಿಗೆ ಅನ್ವಯಿಸುವುದಿಲ್ಲ.

ಕರೆಂಟು, ನೀರು ಹೇಗೆ?

ಮನೆ ಮಾಡಿದರೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ತಿಂಗಳಿಗೆ 200 ಯೂನಿಟ್‌ವರೆಗೆ. ಆದರೆ ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಜೋಡಣೆ ಆಗಿದ್ದರೆ ಅದನ್ನು ಬಿಡಿಸಬೇಕು, ಸೇರುವ ಮುಂಚೆ ಓನರ್‌ಗೆ ಹೇಳಿ ಮಾಡಿಸಿ. ನಿಮ್ಮ ಮನೆಗೆ ಬೇರೆ ಮೀಟರ್ ಇದೆಯಾ ಅಂತಲೂ ನೋಡಿ.

ನೀರು ಬೇಸಿಗೆಯ ಪ್ರಶ್ನೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರುಗಳು ಬತ್ತಿ ಟ್ಯಾಂಕರಿಗೆ ಜನ ಪರದಾಡಿದ್ದು ಎಲ್ಲರಿಗೂ ಗೊತ್ತಿದೆ. ಕಾವೇರಿ ನೀರು ಬರುತ್ತದಾ, ಬೋರು ಮಾತ್ರವಾ, ಟ್ಯಾಂಕರಿನ ದುಡ್ಡು ಯಾರು ಕೊಡುತ್ತಾರೆ? ಕೇಳಿ. ಓನರ್‌ನ ಕೇಳಿದ ಮೇಲೆ ಅಲ್ಲಿರುವ ಬಾಡಿಗೆಯವರನ್ನೂ ಕೇಳಿ.

ಊಟ?

ಪಿಜಿ ಊಟ ಒಂದು ಸಲ ಉಂಡು ನೋಡಿ, ಆಮೇಲೆ ದುಡ್ಡು ಕೊಡಿ. ನಮ್ಮ ಉತ್ತರ ಕರ್ನಾಟಕದವರಿಗೆ ದಿನಾ ಅನ್ನ ಸಾಂಬಾರು ಕಷ್ಟ, ಒಪ್ಪುತ್ತೇನೆ. ಸುತ್ತ ಜೋಳದ ರೊಟ್ಟಿಯ ಖಾನಾವಳಿಗಳಿವೆ, ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಿ. ಊರಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿಟ್ಟುಕೊಳ್ಳಿ. ಸಬ್ಮಿಷನ್ ವಾರ ಅಡುಗೆಗೆ ಏಳಲು ಆಗದಾಗ ಹೊಟ್ಟೆ ತುಂಬಿಸುವುದು ಅದೇ.

ರೂಮ್‌ಮೇಟ್ ಬೇರೆ ಕೋರ್ಸಿನವರಾದರೆ ಪರವಾಗಿಲ್ಲವಾ?

ಅವರಿಗೆ ಮೊದಲೇ ಹೇಳಿದರೆ ಪರವಾಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋಗುವವರ ಪಕ್ಕ ರಾತ್ರಿಯಿಡೀ ಲೈಟು ಹಾಕಿ ಕೂರುವುದು ತಪ್ಪು. ಟೇಬಲ್ ಲ್ಯಾಂಪ್ ಇಟ್ಟುಕೊಳ್ಳಿ. ಗುಂಡುಪಿನ್ನುಗಳ ವಿಷಯದಲ್ಲಿ ಮಾತ್ರ ತುಂಬ ಎಚ್ಚರ. ಒಂದು ಆಯಸ್ಕಾಂತ ಕೊಂಡು ಪ್ರತಿ ಸಲ ಕೆಲಸ ಮುಗಿದ ಮೇಲೆ ನೆಲ, ಹಾಸಿಗೆ ಎಲ್ಲ ಕಡೆ ಓಡಾಡಿಸಿ. ನನ್ನ ರೂಮ್‌ಮೇಟ್ ಕಾಲಿಗೆ ಒಮ್ಮೆ ಪಿನ್ನು ಪೂರ್ತಿ ಹೊಕ್ಕಿತ್ತು, ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆಗೆ ಓಡಿದ್ದೆವು.

ಮನೆಯಲ್ಲಿ ಅಷ್ಟು ಅನುಕೂಲ ಇಲ್ಲ. ಏನಾದರೂ ದಾರಿ ಇದೆಯಾ?

ಇದೆ, ಕೇಳಲು ಸಂಕೋಚ ಬೇಡ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳು ಬೆಂಗಳೂರಿನಲ್ಲಿವೆ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ ವಸತಿಗೆ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ಅರ್ಜಿ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ನಿಮ್ಮ ಕೋರ್ಸಿಗೆ, ನಿಮ್ಮ ವರ್ಗಕ್ಕೆ ಯಾವುದು ಸಿಗುತ್ತದೆ ಅಂತ ತಾಲ್ಲೂಕು ಕಚೇರಿಯಲ್ಲೇ ಕೇಳಿ ಜಾತಿ ಆದಾಯ ಪ್ರಮಾಣಪತ್ರ ಮಾಡಿಸಿಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ಮಾಡಿಸಲು ಮತ್ತೆ ಊರಿಗೆ ಹೋಗಬೇಕಾಗುತ್ತದೆ. ಬೆಂಗಳೂರಿನಲ್ಲಿ ಸಮುದಾಯದ ಸಂಘಗಳು ನಡೆಸುವ ಹಾಸ್ಟೆಲುಗಳೂ ಇವೆ. ಎಚ್‌ಎಸ್‌ಆರ್‌ಗೆ ದೂರ ಆಗಬಹುದು, ಆದರೆ ಖರ್ಚು ತುಂಬ ಕಡಿಮೆ. ನಡೆದು ಹೋಗುವ ದೂರ ಮುಖ್ಯ ಅಂತ ಮೇಲೆ ಹೇಳಿದೆ, ನಿಜ. ಆದರೆ ಓದು ನಿಲ್ಲುವ ಪ್ರಶ್ನೆ ಬಂದರೆ ದೂರವನ್ನು ಸಹಿಸಿಕೊಳ್ಳಿ.

ಇಂಟರ್ನ್‌ಶಿಪ್‌ಗೆ ಹೋದಾಗ ರೂಮಿನ ಬಾಡಿಗೆ ಕಟ್ಟಬೇಕಾ?

ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ, ಆಮೇಲೆ ಎಲ್ಲರೂ ಪೇಚಾಡುತ್ತಾರೆ. ನಮ್ಮ ಕೋರ್ಸಿನಲ್ಲಿ ಕರಕುಶಲ ಕ್ಲಸ್ಟರ್‌ಗೆ (ಕುಶಲಕರ್ಮಿಗಳು ಒಟ್ಟಿಗೆ ಕೆಲಸ ಮಾಡುವ ಊರಿಗೆ) ಹೋಗುವುದಿದೆ, ಇಂಟರ್ನ್‌ಶಿಪ್ ಇದೆ, ಕೊನೆಯ ಸೆಮಿಸ್ಟರ್‌ನಲ್ಲಿ ಗ್ರಾಜುಯೇಷನ್ ಪ್ರಾಜೆಕ್ಟ್ ಇದೆ. ಕೆಲವರು ತಿಂಗಳುಗಟ್ಟಲೆ ತಿರುಪ್ಪೂರಿಗೋ ದೆಹಲಿಗೋ ಹೋಗುತ್ತಾರೆ. ಖಾಲಿ ರೂಮಿಗೆ ಬಾಡಿಗೆ, ಅಲ್ಲಿಯೂ ಬಾಡಿಗೆ. ಪಿಜಿಯಲ್ಲಿ ಸೇರುವಾಗಲೇ "ಎರಡು ತಿಂಗಳು ಇರಲ್ಲ, ಆಗ ಎಷ್ಟು ಕೊಡಬೇಕು?" ಅಂತ ಕೇಳಿ. ಕೆಲವರು ಅರ್ಧ ಬಾಡಿಗೆಗೆ ಮಂಚ ಹಿಡಿದಿಡುತ್ತಾರೆ. ಮನೆಯಾದರೆ ಆ ಎರಡು ತಿಂಗಳಿಗೆ ಬೇರೆ ಊರಿನಿಂದ ಇಲ್ಲಿಗೆ ಇಂಟರ್ನ್‌ಶಿಪ್‌ಗೆ ಬರುವ ವಿದ್ಯಾರ್ಥಿ ಸಿಗುತ್ತಾರೆ. ಓನರ್‌ಗೆ ಹೇಳಿ, ಒಪ್ಪಿಸಿ ಮಾಡಿ. ಕದ್ದು ಮಾಡಿದರೆ ಅಗ್ರಿಮೆಂಟ್ ಮುರಿದ ಹಾಗೆ.

ಕೋರ್ಸು ಮುಗಿದು ಹೋಗುವಾಗ ಸಾಮಾನು ಏನು ಮಾಡುವುದು?

ಮೆಷೀನು ಊರಿಗೆ ತೆಗೆದುಕೊಂಡು ಹೋಗಿ. ಡ್ರೆಸ್ ಫಾರ್ಮು, ಪ್ಲೈವುಡ್ ಹಲಗೆ, ಮೇಜು, ಟೇಬಲ್ ಲ್ಯಾಂಪು ಜೂನಿಯರ್‌ಗಳಿಗೆ ಕೊಡಿ. ಮನೆ ಬಿಡುವ ಒಂದು ತಿಂಗಳು ಮುಂಚೆ ಓನರ್ ಆಂಟಿಗೆ ಜೂನಿಯರ್‌ಗಳನ್ನೇ ಪರಿಚಯ ಮಾಡಿಸಿದರೆ ಅವರಿಗೆ ಹೊಸ ಬಾಡಿಗೆಯವರನ್ನು ಹುಡುಕುವ ಕೆಲಸ ಇಲ್ಲ, ನಿಮ್ಮ ಅಡ್ವಾನ್ಸ್ ಬೇಗ ಕೈಗೆ ಬರುತ್ತದೆ. ಪರಂಗಿಪಾಳ್ಯದ ನಮ್ಮ ಆ ಮನೆಯಲ್ಲಿ ಈಗ ಇರುವುದು ನಮ್ಮಿಂದ ನಾಲ್ಕನೇ ಬ್ಯಾಚು. ಹಾಲ್‌ನಲ್ಲಿ ಅದೇ ಮೇಜು ಇದೆ.